ಬಯರ್ನ್ ಮ್ಯೂನಿಕ್ ಎರಡನೇ ತಂಡ: 2019–20ರ ಋತು

ಜರ್ಮನಿಯ ಫುಟ್‌ಬಾಲ್ ಕ್ಲಬ್ ಬಯರ್ನ್ ಮ್ಯೂನಿಕ್‌ನ ಮೀಸಲು ತಂಡ 2019–20ರಲ್ಲಿ ಆ ದೇಶದ ಮೂರನೇ ದರ್ಜೆಯ ವೃತ್ತಿಪರ ಲೀಗ್ ಆದ ಡ್ರಿಟ್ಟೆ ಲೀಗಾದಲ್ಲಿ ಆಡಿ ಪ್ರಶಸ್ತಿ ಗೆದ್ದಿತು. 2008ರಲ್ಲಿ ಆರಂಭವಾದ ಈ ಲೀಗನ್ನು ಮೀಸಲು ತಂಡವೊಂದು ಗೆದ್ದದ್ದು ಅದೇ ಮೊದಲು. ಆಡಿದ 38 ಪಂದ್ಯಗಳಲ್ಲಿ 19 ಗೆಲುವು, 8 ಡ್ರಾ, 11 ಸೋಲು. ಹೊಡೆದ ಗೋಲು 76, ಬಿಟ್ಟುಕೊಟ್ಟದ್ದು 60. ಒಟ್ಟು 65 ಅಂಕ. ಹನ್ನೊಂದು ಪಂದ್ಯ ಸೋತೂ ಮೊದಲ ಸ್ಥಾನ ಹಿಡಿದ ಈ ತಂಡ ಮೇಲಿನ ದರ್ಜೆಗೆ ಹೋಗಲಿಲ್ಲ, ಹೋಗುವಂತೆಯೂ ಇರಲಿಲ್ಲ. ಮುಖ್ಯ ತಂಡಗಳು ಆಡುವ ಬುಂಡೆಸ್‌ಲೀಗಾಕ್ಕಾಗಲೀ ಅದರ ಕೆಳಗಿನ ಎರಡನೇ ಬುಂಡೆಸ್‌ಲೀಗಾಕ್ಕಾಗಲೀ ಮೀಸಲು ತಂಡಗಳಿಗೆ ಪ್ರವೇಶವಿಲ್ಲ ಎಂಬುದು ಜರ್ಮನ್ ಫುಟ್‌ಬಾಲಿನ ನಿಯಮ.

ಹಾಗಾಗಿ ಈ ಋತುವಿನ ಕಥೆಯನ್ನು ಅಂಕಪಟ್ಟಿಯ ತುದಿಯೊಂದನ್ನೇ ನೋಡಿ ಹೇಳಲಾಗದು. ಬಡ್ತಿ ಪಡೆಯಲಾಗದ ತಂಡವೊಂದು, ಬಡ್ತಿ ಯಾರಿಗೆ ಸಿಗಬೇಕು, ಯಾರ ಕೈತಪ್ಪಬೇಕು ಎಂಬುದರಲ್ಲಿ ದೊಡ್ಡ ಪಾತ್ರ ವಹಿಸಿತು. ಈ ಋತುವಿನ ನಿಜವಾದ ಮಹತ್ವ ಇರುವುದು ಅಲ್ಲಿ.

ಹಿನ್ನೆಲೆ

ಜರ್ಮನಿಯಲ್ಲಿ ಮೀಸಲು ತಂಡಗಳಿಗೆ ಪ್ರತ್ಯೇಕ ಲೀಗ್ ಇಲ್ಲ. ಇಂಗ್ಲೆಂಡಿನಲ್ಲಿ ದೊಡ್ಡ ಕ್ಲಬ್‌ಗಳ ಕಿರಿಯರು ತಮ್ಮತಮ್ಮಲ್ಲೇ ಬೇರೆ ಟೂರ್ನಿಯಲ್ಲಿ ಆಡುತ್ತಾರೆ. ಜರ್ಮನಿ ಮತ್ತು ಸ್ಪೇನ್‌ಗಳಲ್ಲಿ ಕ್ಲಬ್‌ನ ಎರಡನೇ ತಂಡ ಸಾಮಾನ್ಯ ಲೀಗ್ ಶ್ರೇಣಿಯೊಳಗೇ, ಇತರ ಕ್ಲಬ್‌ಗಳ ಮುಖ್ಯ ತಂಡಗಳ ಎದುರು ಆಡುತ್ತದೆ. ಹದಿನೆಂಟರ ಹುಡುಗ ಸಂಬಳಕ್ಕಾಗಿ, ಮನೆಮಂದಿಗಾಗಿ, ಉಳಿವಿಗಾಗಿ ಆಡುವ ಮೂವತ್ತರ ಡಿಫೆಂಡರ್‌ನನ್ನು ಎದುರಿಸಬೇಕು. ಸಮವಯಸ್ಕರ ಪಂದ್ಯಗಳಲ್ಲಿ ಈ ಪಾಠ ಸಿಗುವುದಿಲ್ಲ. ಈ ಪದ್ಧತಿಯ ಪರ ಹೇಳಬಹುದಾದ ಅತ್ಯಂತ ಬಲವಾದ ಮಾತು ಇದೇ.

ಬಯರ್ನ್‌ನ ಎರಡನೇ ತಂಡವನ್ನು 2005ರವರೆಗೆ ‘ಅಮೆಚೂರ್’ ತಂಡ ಎಂದೇ ಕರೆಯುತ್ತಿದ್ದರು; ಹಳೆಯ ಅಭಿಮಾನಿಗಳ ಬಾಯಲ್ಲಿ ಇಂದಿಗೂ ಅದೇ ಹೆಸರು. ಹೆರ್ಮಾನ್ ಗೆರ್ಲಾಂಡ್ ಎಂಬ ಕಟ್ಟುನಿಟ್ಟಿನ ಕೋಚ್ 1990ರಿಂದ 1995ರವರೆಗೆ, ಮತ್ತೆ 2001ರಿಂದ 2009ರವರೆಗೆ ಇದನ್ನು ನಡೆಸಿದರು. ಫಿಲಿಪ್ ಲಾಮ್, ಬಾಸ್ಟಿಯನ್ ಶ್ವೈನ್‌ಸ್ಟೈಗರ್, ಮಾಟ್ಸ್ ಹುಮ್ಮೆಲ್ಸ್, ಥಾಮಸ್ ಮುಲ್ಲರ್ ಇವರೆಲ್ಲ ಅವರ ಕೈಯಲ್ಲಿ ಹದವಾದವರು. ಡ್ರಿಟ್ಟೆ ಲೀಗಾದ ಮೊದಲ ಋತುವಾದ 2008–09ರಲ್ಲಿ ಮುಲ್ಲರ್ ಈ ತಂಡಕ್ಕೆ 32 ಪಂದ್ಯ ಆಡಿ 15 ಗೋಲು ಹೊಡೆದರು. ಮರುವರ್ಷವೇ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಸಿಗುವ ಚಿನ್ನದ ಬೂಟು ಅವರದಾಯಿತು.

2011ರಲ್ಲಿ ತಂಡ ಕೊನೆಯ ಸ್ಥಾನಕ್ಕೆ ಕುಸಿದು ನಾಲ್ಕನೇ ದರ್ಜೆಯ ಪ್ರಾದೇಶಿಕ ಲೀಗಿಗೆ ಇಳಿಯಿತು. ಅಲ್ಲಿಂದ ಏಳಲು ಎಂಟು ವರ್ಷ ಬೇಕಾಯಿತು. 2014ರಲ್ಲಿ ಎರಿಕ್ ಟೆನ್ ಹಾಗ್ ಕೋಚ್ ಆಗಿದ್ದಾಗ ಬಡ್ತಿಯ ಪ್ಲೇಆಫ್‌ವರೆಗೂ ಬಂದಿತ್ತು. ಫೋರ್ಟುನಾ ಕೋಲ್ನ್ ವಿರುದ್ಧದ ಆ ಎರಡನೇ ಪಂದ್ಯದಲ್ಲಿ 2–0 ಮುನ್ನಡೆ ಇತ್ತು. ಇಂಜುರಿ ಸಮಯದಲ್ಲಿ ಚೆಂಡು ಗೋಲ್‌ಕೀಪರ್‌ನ ಕೈಜಾರಿತು, ಎದುರಾಳಿ ಒಂದು ಗೋಲು ಹೊಡೆಯಿತು, ಎರಡು ಪಂದ್ಯಗಳ ಒಟ್ಟು ಗೋಲು ಸಮವಾಗಿ, ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿನ, ಅಂದರೆ ಪರಸ್ಥಳದ ಗೋಲಿನ, ಲೆಕ್ಕದಲ್ಲಿ ಬಯರ್ನ್ ಹೊರಬಿತ್ತು. ಕೊನೆಗೆ 2019ರ ಮೇ ತಿಂಗಳಲ್ಲಿ ಹೋಲ್ಗರ್ ಸೈಟ್ಸ್ ಅವರ ಮಾರ್ಗದರ್ಶನದಲ್ಲಿ ವೋಲ್ಫ್ಸ್‌ಬುರ್ಗ್‌ನ ಎರಡನೇ ತಂಡವನ್ನು ಪ್ಲೇಆಫ್‌ನಲ್ಲಿ ಮಣಿಸಿತು. ಮೊದಲ ಪಂದ್ಯದಲ್ಲಿ 1–3 ಸೋತು, ತವರಿನಲ್ಲಿ 4–1ರಿಂದ ಗೆದ್ದು ಮೇಲೇರಿತು.

ನಡುವಿನ ಈ ವರ್ಷಗಳಲ್ಲಿ ಮೀಸಲು ತಂಡಗಳ ಬಗ್ಗೆ ಕ್ಲಬ್‌ಗಳ ಉತ್ಸಾಹವೇ ಇಳಿದಿತ್ತು. ಅಂಥ ತಂಡ ಇರಲೇಬೇಕೆಂಬ ಕಡ್ಡಾಯವನ್ನು 2014ರಲ್ಲಿ ತೆಗೆದುಹಾಕಿದ ಕೂಡಲೇ ಬಾಯರ್ ಲೆವರ್‌ಕೂಸನ್ ಮತ್ತು ಐನ್‌ಟ್ರಾಖ್ಟ್ ಫ್ರಾಂಕ್‌ಫರ್ಟ್ ತಮ್ಮ ತಂಡಗಳನ್ನು ಮುಚ್ಚಿದವು, 2017ರಲ್ಲಿ ಲೈಪ್‌ಜಿಗ್ ಅದೇ ದಾರಿ ಹಿಡಿಯಿತು. ಬಯರ್ನ್ ಮಾತ್ರ ಎದುರು ದಿಕ್ಕಿಗೆ ನಡೆಯಿತು. ಅದೇ 2017ರಲ್ಲಿ ಮ್ಯೂನಿಕ್‌ನ ಉತ್ತರ ಅಂಚಿನಲ್ಲಿ, ಸುಮಾರು 30 ಹೆಕ್ಟೇರ್ ಜಾಗದಲ್ಲಿ, 70 ಮಿಲಿಯನ್ ಯೂರೋ ಖರ್ಚಿನಲ್ಲಿ ಕಿರಿಯರ ತರಬೇತಿಗೆಂದೇ ಹೊಸ ಆವರಣ ತೆರೆಯಿತು. ಅಷ್ಟು ದುಡ್ಡು ಸುರಿದ ಮೇಲೆ ಅಲ್ಲಿ ಬೆಳೆದ ಹುಡುಗರಿಗೆ ಆಡಲು ಒಂದು ಗಟ್ಟಿ ಲೀಗ್ ಬೇಕಿತ್ತು. ಮೂರನೇ ದರ್ಜೆಗೆ ಮರಳುವುದು ಆ ಯೋಜನೆಯ ಅಗತ್ಯ ಭಾಗವಾಗಿತ್ತು.

ಲೀಗ್ ಮತ್ತು ನಿಯಮಗಳು

ಡ್ರಿಟ್ಟೆ ಲೀಗಾದಲ್ಲಿ 20 ತಂಡಗಳು. ಮೊದಲೆರಡು ನೇರವಾಗಿ ಮೇಲೇರುತ್ತವೆ. ಮೂರನೆಯದು ಎರಡನೇ ಬುಂಡೆಸ್‌ಲೀಗಾದಲ್ಲಿ 16ನೇ ಸ್ಥಾನ ಪಡೆದ ತಂಡದೊಂದಿಗೆ ಎರಡು ಪಂದ್ಯಗಳ ಪ್ಲೇಆಫ್ ಆಡುತ್ತದೆ. ಕೆಳಗಿನ ನಾಲ್ಕು ತಂಡಗಳಿಗೆ ಹಿಂಬಡ್ತಿ. ಮೇಲಿನ ಎರಡು ಲೀಗ್‌ಗಳನ್ನು ಕ್ಲಬ್‌ಗಳ ಒಕ್ಕೂಟ ನಡೆಸಿದರೆ, ಇದನ್ನು ನಡೆಸುವುದು ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ. ಟಿವಿ ಪ್ರಸಾರದ ಹಣದಲ್ಲೂ ಕ್ಲಬ್‌ಗಳ ಆದಾಯದಲ್ಲೂ ಎರಡನೇ ಮತ್ತು ಮೂರನೇ ದರ್ಜೆಗಳ ನಡುವೆ ದೊಡ್ಡ ಕಂದಕವಿದೆ. ಮೇಲೇರಿದರೆ ಕ್ಲಬ್ ಬದುಕುತ್ತದೆ, ಏರದಿದ್ದರೆ ಮತ್ತೊಂದು ವರ್ಷ ಸಾಲದ ಲೆಕ್ಕ. ಹಾಗಾಗಿ ಇಲ್ಲಿ ಬಡ್ತಿ ಎಂದರೆ ಗೌರವದ ಪ್ರಶ್ನೆಗಿಂತ ಹೆಚ್ಚಾಗಿ ಹೊಟ್ಟೆಪಾಡಿನ ಪ್ರಶ್ನೆ.

ಮೀಸಲು ತಂಡಗಳಿಗೆ ಇಲ್ಲಿ ಹಲವು ಕಟ್ಟುಪಾಡು. ಬಡ್ತಿ ಇಲ್ಲ, ಆದರೆ ಹಿಂಬಡ್ತಿ ಉಂಟು. ಟಿವಿ ಹಣದಲ್ಲಿ ಪಾಲಿಲ್ಲ. ರಾಷ್ಟ್ರೀಯ ಕಪ್ ಟೂರ್ನಿಯಾದ ಜರ್ಮನ್ ಕಪ್‌ನಲ್ಲಿ 2008ರಿಂದೀಚೆಗೆ ಪ್ರವೇಶವಿಲ್ಲ. ಅದಕ್ಕೂ ಮೊದಲು, 1993ರಲ್ಲಿ, ಹೆರ್ಥಾ ಬರ್ಲಿನ್‌ನ ಅಮೆಚೂರ್ ತಂಡ ಈ ಕಪ್‌ನ ಫೈನಲ್‌ವರೆಗೂ ಹೋಗಿ ಲೆವರ್‌ಕೂಸನ್ ಎದುರು 0–1ರಿಂದ ಸೋತಿತ್ತು. ಆ ದಾರಿ ಈಗ ಮುಚ್ಚಿದೆ. ವಯಸ್ಸಿಗೂ ಮಿತಿ ಇದೆ: 23 ದಾಟಿದ ಮೂವರಷ್ಟೇ ಒಮ್ಮೆಗೆ ಮೈದಾನದಲ್ಲಿರಬಹುದು.

ಭಾರತದಲ್ಲೂ ಇಂಥದೇ ನಿಯಮ ಬಂದಿತ್ತು. ಇಂಡಿಯನ್ ಸೂಪರ್ ಲೀಗ್ ಕ್ಲಬ್‌ಗಳ ಮೀಸಲು ತಂಡಗಳನ್ನು ಐ-ಲೀಗ್ ಎರಡನೇ ಡಿವಿಜನ್‌ನಲ್ಲಿ ಸೇರಿಸಿಕೊಂಡಾಗ ಅವಕ್ಕೆ ಬಡ್ತಿಯ ಹಕ್ಕು ಕೊಡಲಿಲ್ಲ. ಬೆಂಗಳೂರು ಎಫ್‌ಸಿಯ ಮೀಸಲು ತಂಡವೂ ಆ ಸಾಲಿನಲ್ಲಿತ್ತು. ಮುಂದೆ ಕಿರಿಯರಿಗೆಂದೇ ಬೇರೆ ಲೀಗ್ ಬಂದಾಗ, 2022ರ ಅದರ ಮೊದಲ ಆವೃತ್ತಿಯನ್ನು ಗೆದ್ದದ್ದು ಬೆಂಗಳೂರಿನ ಹುಡುಗರೇ.

2019–20ರಲ್ಲಿ ಲೀಗ್‌ನಲ್ಲಿದ್ದ ಏಕೈಕ ಮೀಸಲು ತಂಡ ಬಯರ್ನ್‌ನದು. ಉಳಿದ ಹತ್ತೊಂಬತ್ತರಲ್ಲಿ ಹಲವರದು ದೊಡ್ಡ ಇತಿಹಾಸ. ಕೈಸರ್ಸ್‌ಲೌಟರ್ನ್ ನಾಲ್ಕು ಬಾರಿ ಜರ್ಮನ್ ಚಾಂಪಿಯನ್. 1860 ಮ್ಯೂನಿಕ್ 1966ರಲ್ಲಿ, ಬ್ರೌನ್‌ಶ್ವೈಗ್ 1967ರಲ್ಲಿ ಬುಂಡೆಸ್‌ಲೀಗಾ ಗೆದ್ದಿದ್ದವು. ಮಾಗ್ಡೆಬುರ್ಗ್ 1974ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಎತ್ತಿತ್ತು. ಯೆನಾ 1981ರಲ್ಲಿ ಅದೇ ಕಪ್‌ನ ಫೈನಲ್ ಆಡಿತ್ತು. ಪೂರ್ವ ಜರ್ಮನಿಯ ಕೊನೆಯ ಲೀಗ್ ಚಾಂಪಿಯನ್ ಆಗಿದ್ದ ರೋಸ್ಟಾಕ್ ಕೂಡ ಇತ್ತು. ಇಂಥ ಕ್ಲಬ್‌ಗಳ ಬೆಂಬಲಿಗರಿಗೆ, ತಮ್ಮ ಊರಿನ ಮುಖ್ಯ ತಂಡ ದೊಡ್ಡ ಕ್ಲಬ್ಬೊಂದರ ಹುಡುಗರ ಎದುರು ಅಂಕಕ್ಕಾಗಿ ಸೆಣಸುವುದೇ ಅವಮಾನವೆನಿಸುತ್ತಿತ್ತು. ಮೀಸಲು ತಂಡಗಳು ಬೆಂಬಲಿಗರನ್ನು ಕರೆತರುವುದಿಲ್ಲ, ಟಿಕೆಟ್ ಮಾರಾಟ ಹೆಚ್ಚಿಸುವುದಿಲ್ಲ, ಒಂದು ಸ್ಥಾನ ಮಾತ್ರ ತಿನ್ನುತ್ತವೆ ಎಂಬುದು ಅವರ ಹಳೆಯ ದೂರು. ಆ ದೂರಿನಲ್ಲಿ ಹುರುಳಿದೆ.

ತಂಡ

ಮೇಲೇರಿಸಿದ ಸೈಟ್ಸ್ ಕೋಚ್ ಸ್ಥಾನ ಬಿಟ್ಟ ಮೇಲೆ, ಕ್ಲಬ್‌ನ 19 ವರ್ಷದೊಳಗಿನವರ ತಂಡವನ್ನು ನೋಡಿಕೊಳ್ಳುತ್ತಿದ್ದ ಸೆಬಾಸ್ಟಿಯನ್ ಹೋನೆಸ್ ಬಂದರು. 1982ರಲ್ಲಿ ಹುಟ್ಟಿದ ಇವರು ಬಯರ್ನ್‌ನ ಮಾಜಿ ಸ್ಟ್ರೈಕರ್ ಡೀಟರ್ ಹೋನೆಸ್ ಅವರ ಮಗ, ಕ್ಲಬ್‌ನ ಅಧ್ಯಕ್ಷರಾಗಿದ್ದ ಉಲಿ ಹೋನೆಸ್ ಅವರ ತಮ್ಮನ ಮಗ. ಮನೆತನದ ಹೆಸರು ದೊಡ್ಡದು, ಆದರೆ ಆಟಗಾರನಾಗಿ ಇವರ ಹೆಚ್ಚಿನ ವರ್ಷಗಳು ಕಳೆದದ್ದು ಕೆಳಗಿನ ದರ್ಜೆಗಳಲ್ಲಿ. ಹೆರ್ಥಾ ಬರ್ಲಿನ್‌ನ ಎರಡನೇ ತಂಡದಲ್ಲೇ ಆಟ ಮುಗಿಸಿದವರು. ಮೀಸಲು ತಂಡದ ಆಟಗಾರನ ಮನಸ್ಸು ಹೇಗಿರುತ್ತದೆ ಎಂಬುದನ್ನು ಅವರಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ಇಂಥ ತಂಡವನ್ನು ಕಟ್ಟುವುದು ಬೇರೆ ಬಗೆಯ ಕೆಲಸ. ಮುಖ್ಯ ತಂಡದಲ್ಲಿ ಯಾರಾದರೂ ಗಾಯಗೊಂಡರೆ ಇಲ್ಲಿಂದ ಒಬ್ಬ ಹೊರಡುತ್ತಾನೆ. ಅಲ್ಲಿ ಅವಕಾಶ ಸಿಗದವನು ವಾರಾಂತ್ಯಕ್ಕೆ ಇಲ್ಲಿಗೆ ಇಳಿದು ಬರುತ್ತಾನೆ. ಒಂದು ವಾರ ಆಡಿದ ಹನ್ನೊಂದು ಮಂದಿ ಮುಂದಿನ ವಾರ ಸಿಗುತ್ತಾರೆಂಬ ಭರವಸೆ ಇಲ್ಲ. ಈ ಅಲುಗಾಟದ ನಡುವೆ ಕದಲದೆ ನಿಲ್ಲುವವರು ಬೇಕು, ಅದಕ್ಕೇ ವಯಸ್ಸಾದ ಆ ಮೂವರ ಜಾಗ ಅಷ್ಟು ಮುಖ್ಯ. 1986ರಲ್ಲಿ ಹುಟ್ಟಿದ ನಿಕೋಲಾಸ್ ಫೆಲ್ಡ್‌ಹಾನ್ ರಕ್ಷಣೆಯ ನಡುವೆ ನಿಂತರು. ಮಾಕ್ಸಿಮಿಲಿಯನ್ ವೆಲ್ಟ್ಸ್‌ಮುಲ್ಲರ್ ಮತ್ತು ಟಿಮೋ ಕೆರ್ನ್, ಇಬ್ಬರೂ 1990ರಲ್ಲಿ ಹುಟ್ಟಿದವರು, ತಮ್ಮ ಸುತ್ತಲಿನ ಹುಡುಗರನ್ನು ನಡೆಸಿದರು. ಮುಂದೆ ಕ್ವಾಸಿ ಒಕ್ಯೆರೆ ವ್ರೀಟ್. ಮುಖ್ಯ ತಂಡದಲ್ಲಿ ನೆಲೆ ಸಿಗುವ ಆಸೆ ಇಲ್ಲದಿದ್ದರೂ ವರ್ಷವಿಡೀ ಮನಸ್ಸಿಟ್ಟು ಆಡಿದ ಇಂಥವರ ಹೆಸರು ಬಯರ್ನ್ ಇತಿಹಾಸದ ಪುಟಗಳಲ್ಲಿ ದಪ್ಪಕ್ಷರದಲ್ಲಿ ಬರುವುದಿಲ್ಲ. ಈ ಪ್ರಶಸ್ತಿಯಲ್ಲಿ ಅವರ ಪಾಲು ಮಾತ್ರ ಕಿರಿಯರ ಪಾಲಿಗಿಂತ ಕಡಿಮೆಯದಲ್ಲ.

ವ್ರೀಟ್ ಹುಟ್ಟಿದ್ದು 1994ರಲ್ಲಿ ಹ್ಯಾಂಬರ್ಗ್‌ನಲ್ಲಿ, ಆಡಿದ್ದು ಘಾನಾ ದೇಶಕ್ಕೆ. 2017ರಲ್ಲಿ ಓಸ್ನಾಬ್ರೂಕ್‌ನಿಂದ ಬಂದವರು. ಈ ಋತುವಿನಲ್ಲಿ 24 ಗೋಲು ಹೊಡೆದು ಲೀಗ್‌ನಲ್ಲೇ ಅತಿ ಹೆಚ್ಚು ಗೋಲು ಗಳಿಸಿದವರಾದರು. ತಂಡದ ಗೋಲುಗಳಲ್ಲಿ ಮೂರನೇ ಒಂದು ಭಾಗಕ್ಕೆ ಸ್ವಲ್ಪವೇ ಕಡಿಮೆ.

ಕಿರಿಯರ ಪಟ್ಟಿ ಉದ್ದವಾದದ್ದು. ಗೋಲಿನಲ್ಲಿ ಕ್ರಿಸ್ಟಿಯನ್ ಫ್ರುಖ್ಟ್ಲ್ ಮತ್ತು ರಾನ್-ಥೋರ್ಬೆನ್ ಹಾಫ್‌ಮನ್. ರಕ್ಷಣೆಯಲ್ಲಿ ಲಾರ್ಸ್ ಲುಕಾಸ್ ಮೈ ಮತ್ತು ಅಮೆರಿಕದ ಡಲ್ಲಾಸ್‌ನಿಂದ ಬಂದ ಕ್ರಿಸ್ ರಿಚರ್ಡ್ಸ್. ಮಧ್ಯದಲ್ಲಿ ಮ್ಯೂನಿಕ್‌ನದೇ ಹುಡುಗ ಆಂಗೆಲೋ ಸ್ಟಿಲ್ಲರ್. ಚಳಿಗಾಲದಲ್ಲಿ, ಆರು ತಿಂಗಳ ಹಿಂದಷ್ಟೇ ಫ್ರೈಬುರ್ಗ್‌ಗೆ ಮಾರಿದ್ದ ದಕ್ಷಿಣ ಕೊರಿಯಾದ ಜಿಯಾಂಗ್ ವೂ-ಯಿಯಾಂಗ್‌ನನ್ನು ಎರವಲಾಗಿ ಮತ್ತೆ ಕರೆಸಿಕೊಳ್ಳಲಾಯಿತು. ಋತುವಿನ ಉತ್ತರಾರ್ಧದಲ್ಲಿ ತಂಡದ ದಾಳಿಗೆ ವೇಗ ತಂದವರಲ್ಲಿ ಆತ ಪ್ರಮುಖ.

ಭಾರತೀಯ ಓದುಗರಿಗೆ ವಿಶೇಷ ಆಸಕ್ತಿಯ ಹೆಸರು ಸರ್‌ಪ್ರೀತ್ ಸಿಂಗ್. 1999ರಲ್ಲಿ ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಪಂಜಾಬಿ ಕುಟುಂಬದಲ್ಲಿ ಹುಟ್ಟಿದ ಈ ಮಿಡ್‌ಫೀಲ್ಡರ್ ವೆಲ್ಲಿಂಗ್ಟನ್ ಫೀನಿಕ್ಸ್ ಕ್ಲಬ್‌ನಿಂದ 2019ರ ಬೇಸಿಗೆಯಲ್ಲಿ ಮ್ಯೂನಿಕ್‌ಗೆ ಬಂದರು. ಎರಡನೇ ತಂಡದಲ್ಲಿ ಬಹಳ ಬೇಗ ಕುದುರಿಕೊಂಡರು. ಡಿಸೆಂಬರ್ 14ರಂದು ಮುಖ್ಯ ತಂಡ ವೆರ್ಡರ್ ಬ್ರೆಮನ್ ಅನ್ನು 6–1ರಿಂದ ಸೋಲಿಸಿದ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಕಣಕ್ಕಿಳಿದಾಗ, ಬುಂಡೆಸ್‌ಲೀಗಾದಲ್ಲಿ ಆಡಿದ ಮೊದಲ ಭಾರತೀಯ ಮೂಲದ ಆಟಗಾರನೆಂದು ಪತ್ರಿಕೆಗಳು ಬರೆದವು.

ಗೀಸಿಂಗ್‌ನ ಮೈದಾನ

ಮುಖ್ಯ ತಂಡ ಆಡುವುದು 75,000 ಜನ ಹಿಡಿಸುವ ಅಲಿಯಾನ್ಸ್ ಅರೀನಾದಲ್ಲಿ. ಎರಡನೇ ತಂಡದ ತವರು ಗೀಸಿಂಗ್ ಬಡಾವಣೆಯ ಗ್ರುನ್‌ವಾಲ್ಡರ್ ಕ್ರೀಡಾಂಗಣ. 1911ರಲ್ಲಿ ಆರಂಭವಾದ, ಈಗ 15,000 ಜನರಿಗೆ ಜಾಗವಿರುವ, ನಗರಾಡಳಿತಕ್ಕೆ ಸೇರಿದ ಮೈದಾನ ಅದು. 1972ರಲ್ಲಿ ಒಲಿಂಪಿಕ್ ಕ್ರೀಡಾಂಗಣ ಸಿಗುವವರೆಗೆ ಬಯರ್ನ್‌ನ ಮುಖ್ಯ ತಂಡವೂ ಇಲ್ಲೇ ಆಡುತ್ತಿತ್ತು. ಆದರೆ ಗೀಸಿಂಗ್ ಎಂದರೆ ನೀಲಿ ಬಣ್ಣ, ನೀಲಿ ಬಣ್ಣವೆಂದರೆ ಪ್ರತಿಸ್ಪರ್ಧಿ 1860 ಮ್ಯೂನಿಕ್. ಆ ಕ್ಲಬ್‌ನ ಮುಖ್ಯ ತಂಡದ ತವರೂ ಇದೇ.

ಹೀಗಾಗಿ ಆ ವರ್ಷ ಮ್ಯೂನಿಕ್ ಡರ್ಬಿ ನಡೆದದ್ದು ಒಂದು ಕ್ಲಬ್‌ನ ಮುಖ್ಯ ತಂಡಕ್ಕೂ ಇನ್ನೊಂದರ ಮೀಸಲು ತಂಡಕ್ಕೂ ನಡುವೆ. ಎರಡೂ ಪಂದ್ಯ ಅದೇ ಮೈದಾನದಲ್ಲಿ. ಬದಲಾದದ್ದು ಆತಿಥೇಯರು ಯಾರೆಂಬುದಷ್ಟೇ. ನವೆಂಬರ್‌ನಲ್ಲಿ ನಡೆದ ಮೊದಲನೆಯದಕ್ಕೆ ಗ್ಯಾಲರಿಗಳು ತುಂಬಿದ್ದವು. ಜೂನ್‌ನಲ್ಲಿ ನಡೆದ ಎರಡನೆಯದಕ್ಕೆ, ಕೋವಿಡ್‌ನಿಂದಾಗಿ, ಒಬ್ಬ ಪ್ರೇಕ್ಷಕನೂ ಇರಲಿಲ್ಲ.

ಋತುವಿನ ಓಟ

ಮೊದಲ ತಿಂಗಳುಗಳಲ್ಲಿ ಈ ತಂಡ ಪ್ರಶಸ್ತಿ ಗೆಲ್ಲುತ್ತದೆಂದು ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಗೋಲು ಹೊಡೆಯುವುದು ಕಷ್ಟವಾಗಿರಲಿಲ್ಲ, ಬಿಟ್ಟುಕೊಡುವುದೇ ಹೆಚ್ಚಾಗಿತ್ತು. ಚಳಿಗಾಲದ ವಿರಾಮದ ಹೊತ್ತಿಗೆ ಅಂಕಪಟ್ಟಿಯ ಕೆಳಗಿನ ಅರ್ಧದಲ್ಲಿದ್ದು, ಹಿಂಬಡ್ತಿಯ ಗೆರೆಯ ಮೇಲೇ ಕಣ್ಣಿಡಬೇಕಾಗಿತ್ತು. ಋತು ಮುಗಿದಾಗಲೂ ರಕ್ಷಣೆಯ ಲೆಕ್ಕ ಚಾಂಪಿಯನ್ನರಿಗೆ ತಕ್ಕದ್ದಾಗಿರಲಿಲ್ಲ. ನಾಲ್ಕನೇ ಸ್ಥಾನದ ಇಂಗೋಲ್‌ಸ್ಟಾಟ್ ಬಿಟ್ಟುಕೊಟ್ಟದ್ದು 40 ಗೋಲು, ಬಯರ್ನ್ 60.

ಆದರೆ ಇದೇ ಹೊತ್ತಿಗೆ ಮೇಲಿನ ಮಹಡಿಯಲ್ಲಿ ಬದಲಾವಣೆಯಾಗಿತ್ತು. ನವೆಂಬರ್ ಆರಂಭದಲ್ಲಿ ನಿಕೋ ಕೊವಾಚ್ ಹೋಗಿ ಹಾನ್ಸಿ ಫ್ಲಿಕ್ ಮುಖ್ಯ ತಂಡದ ಹೊಣೆ ಹೊತ್ತರು. ಗಾಯಾಳುಗಳಿಂದ ಸೊರಗಿದ್ದ ಬೆಂಚಿಗೆ ಕೆಳಗಿನಿಂದ ಹುಡುಗರನ್ನು ಕರೆಸಿಕೊಂಡರು. ಡಿಸೆಂಬರ್ 18ರಂದು ಫ್ರೈಬುರ್ಗ್‌ನಲ್ಲಿ ಪಂದ್ಯ 1–1ರಲ್ಲಿತ್ತು. 90ನೇ ನಿಮಿಷಕ್ಕೆ 18 ವರ್ಷದ ಡಚ್ ಸ್ಟ್ರೈಕರ್ ಯೋಶುವಾ ಝಿರ್ಕ್‌ಝೀಯನ್ನು ಇಳಿಸಿದರು. ಎರಡು ನಿಮಿಷವೂ ಕಳೆದಿರಲಿಲ್ಲ, ಚೆಂಡು ಬಲೆಯೊಳಗಿತ್ತು. ಬಯರ್ನ್ 3–1ರಿಂದ ಗೆದ್ದಿತು. ಮೂರು ದಿನಗಳ ನಂತರ ವೋಲ್ಫ್ಸ್‌ಬುರ್ಗ್ ವಿರುದ್ಧ 83ನೇ ನಿಮಿಷಕ್ಕೆ ಬಂದು ಮತ್ತೆ ಕ್ಷಣಮಾತ್ರದಲ್ಲಿ ಗೋಲು. ಕೆಲವೇ ವಾರಗಳ ಹಿಂದೆ ಈತ ಮೂರನೇ ದರ್ಜೆಯಲ್ಲಿ ಬೆವರು ಸುರಿಸುತ್ತಿದ್ದವನು. ಕೆಳಗಿದ್ದ ಉಳಿದವರಿಗೆ ಅದು ಯಾವ ಭಾಷಣಕ್ಕಿಂತಲೂ ಹೆಚ್ಚು ಹೇಳಿತು. ಇಲ್ಲಿ ಚೆನ್ನಾಗಿ ಆಡಿದರೆ ಮೇಲೆ ಕರೆ ಬರುತ್ತದೆ ಎಂಬುದು ಅವರ ಕಣ್ಣೆದುರೇ ನಡೆದಿತ್ತು.

ಹೊಸ ವರ್ಷದಲ್ಲಿ ತಂಡ ಒಂದೊಂದೇ ಸ್ಥಾನ ಏರತೊಡಗಿತು. 27 ಸುತ್ತು ಮುಗಿದಿದ್ದಾಗ, 2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದ ಲೀಗ್ ನಿಂತಿತು. ಆಗ ಮುಂದಿದ್ದದ್ದು ಡೂಯಿಸ್‌ಬುರ್ಗ್.

ಆಟ ಮುಂದುವರಿಸಬೇಕೇ ಬೇಡವೇ ಎಂಬ ಬಗ್ಗೆ ಕ್ಲಬ್‌ಗಳು ಎರಡು ಬಣವಾಗಿ ಒಡೆದವು. ಟಿವಿ ಹಣ ಹೇರಳವಾಗಿರುವ ಮೇಲಿನ ಲೀಗ್‌ಗಳಿಗೆ ಖಾಲಿ ಮೈದಾನದಲ್ಲಿ ಆಡಿದರೂ ನಷ್ಟ ತುಂಬಿಕೊಳ್ಳುವ ದಾರಿ ಇತ್ತು. ಟಿಕೆಟ್ ಹಣವನ್ನೇ ನಂಬಿದ ಮೂರನೇ ದರ್ಜೆಗೆ ಅದು ಬರೀ ಖರ್ಚು. ಪೂರ್ವದ ಕೆಲವು ರಾಜ್ಯಗಳಲ್ಲಿ ಒಟ್ಟಾಗಿ ಅಭ್ಯಾಸ ನಡೆಸಲೂ ಬಹಳ ದಿನ ಅನುಮತಿ ಇರಲಿಲ್ಲ. ಅಲ್ಲಿನ ಕ್ಲಬ್‌ಗಳು ಸಿದ್ಧತೆಯಿಲ್ಲದೆ ಕಣಕ್ಕಿಳಿಯಬೇಕಾಯಿತು. ಅವರ ಸಿಟ್ಟು ನ್ಯಾಯವಾದದ್ದೇ. ಮೇ 25ರಂದು ರಾಷ್ಟ್ರೀಯ ಸಂಸ್ಥೆಯ ವಿಶೇಷ ಸಭೆ ಮುಂದುವರಿಸುವ ನಿರ್ಧಾರಕ್ಕೆ ಮುದ್ರೆ ಒತ್ತಿತು. ಮೇ 30ರಂದು ಲೀಗ್ ಪುನರಾರಂಭವಾಗಿ ಜುಲೈ 4ಕ್ಕೆ ಮುಗಿಯಿತು. ಐದೇ ವಾರದಲ್ಲಿ 11 ಸುತ್ತು, ಹೆಚ್ಚುಕಡಿಮೆ ಮೂರು ದಿನಕ್ಕೊಂದು ಪಂದ್ಯ. ಪ್ರತಿ ಪಂದ್ಯದಲ್ಲಿ ಐವರು ಬದಲಿ ಆಟಗಾರರಿಗೆ ಅವಕಾಶ ಸಿಕ್ಕಿತು.

ಈ ಏರ್ಪಾಡು ಬಯರ್ನ್ ಹುಡುಗರಿಗೆ ಎಷ್ಟು ಅನುಕೂಲವಾಯಿತೆಂಬುದನ್ನು ಮರೆಮಾಚಬೇಕಾದ್ದಿಲ್ಲ. ಅವರ ಕಾಲುಗಳು ಎಳೆಯವು, ಬೇಗ ಚೇತರಿಸಿಕೊಳ್ಳುತ್ತವೆ. ಕಿರಿಯರ ತಂಡಗಳಿಂದ ಹೊಸಬರನ್ನು ಕರೆಸಿಕೊಳ್ಳಲು ಅವರಿಗೆ ಮಿತಿಯೇ ಇರಲಿಲ್ಲ, ಎದುರಾಳಿಗಳ ಬಳಿ ದಣಿದ ಅದೇ ಹದಿನೆಂಟು ಮಂದಿ. ಪ್ರೇಕ್ಷಕರ ಕೂಗಿಲ್ಲದೆ ಆಡುವುದು ದೊಡ್ಡ ಗ್ಯಾಲರಿಗಳ ಕ್ಲಬ್‌ಗಳನ್ನು ಕಂಗೆಡಿಸಿತು. ಬೆರಳೆಣಿಕೆಯ ಪ್ರೇಕ್ಷಕರೆದುರು ಆಡಿ ಅಭ್ಯಾಸವಿದ್ದ ಮೀಸಲು ತಂಡಕ್ಕೆ ಅದು ಹೊಸದಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅವರ ಮೇಲೆ ಬಡ್ತಿಯ ಭಾರವಿರಲಿಲ್ಲ. ಡೂಯಿಸ್‌ಬುರ್ಗ್ ಆ ಭಾರದಡಿ ಐದನೇ ಸ್ಥಾನಕ್ಕೆ ಜಾರಿತು.

ಇದೇ ಜೂನ್‌ನಲ್ಲಿ ಚೆಲ್ಸಿಯಿಂದ ಹಿಂದಿನ ಬೇಸಿಗೆಯಲ್ಲಷ್ಟೇ ಬಂದಿದ್ದ 17ರ ಜಮಾಲ್ ಮುಸಿಯಾಲಾ ಮೊದಲ ಸಲ ಡ್ರಿಟ್ಟೆ ಲೀಗಾದಲ್ಲಿ ಆಡಿದರು. ಜೂನ್ 16ರಂದು ಮುಖ್ಯ ತಂಡ ಬುಂಡೆಸ್‌ಲೀಗಾ ಪ್ರಶಸ್ತಿ ಖಚಿತಪಡಿಸಿಕೊಂಡಿತು. ನಾಲ್ಕು ದಿನಗಳ ನಂತರ ಫ್ರೈಬುರ್ಗ್ ವಿರುದ್ಧ ಮುಸಿಯಾಲಾ ಅವರನ್ನು ಫ್ಲಿಕ್ ಕಣಕ್ಕಿಳಿಸಿದರು. 17 ವರ್ಷ 115 ದಿನ ವಯಸ್ಸಿನ ಅವರು ಬುಂಡೆಸ್‌ಲೀಗಾದಲ್ಲಿ ಬಯರ್ನ್ ಪರ ಆಡಿದ ಅತ್ಯಂತ ಕಿರಿಯರೆನಿಸಿದರು. ಕ್ರಿಸ್ ರಿಚರ್ಡ್ಸ್ ಅವರ ಬುಂಡೆಸ್‌ಲೀಗಾ ಪದಾರ್ಪಣೆಯೂ ಅದೇ ಪಂದ್ಯದಲ್ಲಿ.

ಕೊನೆಯ ವಾರ

ಅಂತಿಮ ಪಟ್ಟಿ ಹೀಗಿತ್ತು: ಬಯರ್ನ್ ಎರಡನೇ ತಂಡ 65, ವುರ್ಟ್ಸ್‌ಬುರ್ಗರ್ ಕಿಕ್ಕರ್ಸ್ 64, ಬ್ರೌನ್‌ಶ್ವೈಗ್ 64, ಇಂಗೋಲ್‌ಸ್ಟಾಟ್ 63, ಡೂಯಿಸ್‌ಬುರ್ಗ್ 62. ಐದು ತಂಡಗಳ ನಡುವೆ ಮೂರೇ ಅಂಕಗಳ ಅಂತರ. ಬಯರ್ನ್‌ಗೆ ಬಡ್ತಿ ಇಲ್ಲದ್ದರಿಂದ ವುರ್ಟ್ಸ್‌ಬುರ್ಗ್ ಮತ್ತು ಬ್ರೌನ್‌ಶ್ವೈಗ್ ನೇರವಾಗಿ ಮೇಲೇರಿದವು, ನಾಲ್ಕನೆಯ ಇಂಗೋಲ್‌ಸ್ಟಾಟ್‌ಗೆ ಪ್ಲೇಆಫ್ ಸಿಕ್ಕಿತು.

ಈ ಸಾಲುಗಳ ಹಿಂದೆ ಇಂಗೋಲ್‌ಸ್ಟಾಟ್‌ನ ಒಂದು ವಾರವಿದೆ. ಜುಲೈ 4ರಂದು, ಕೊನೆಯ ಸುತ್ತಿನಲ್ಲಿ, ಅದು 1860 ಮ್ಯೂನಿಕ್ ಅನ್ನು 2–0ಯಿಂದ ಸೋಲಿಸಿತು. ಅತ್ತ ವುರ್ಟ್ಸ್‌ಬುರ್ಗ್ ತನ್ನ ಮೈದಾನದಲ್ಲಿ ಹಾಲೆ ತಂಡದೆದುರು 1–2ರಿಂದ ಹಿಂದಿತ್ತು. ಫಲಿತಾಂಶ ಹಾಗೇ ಉಳಿದಿದ್ದರೆ ಎರಡೂ ತಂಡಗಳ ಅಂಕ ಸಮವಾಗಿ, ಗೋಲು ವ್ಯತ್ಯಾಸದಲ್ಲಿ ಬಹಳ ಮುಂದಿದ್ದ ಇಂಗೋಲ್‌ಸ್ಟಾಟ್ ನೇರವಾಗಿ ಎರಡನೇ ಬುಂಡೆಸ್‌ಲೀಗಾಕ್ಕೆ ಹೋಗುತ್ತಿತ್ತು. ಇಂಜುರಿ ಸಮಯದ ಮೂರನೇ ನಿಮಿಷದಲ್ಲಿ ವುರ್ಟ್ಸ್‌ಬುರ್ಗ್‌ಗೆ ಪೆನಾಲ್ಟಿ ಸಿಕ್ಕಿತು. ಸೆಬಾಸ್ಟಿಯನ್ ಶುಪ್ಪಾನ್ ಗೋಲು ಹೊಡೆದರು. 2–2. ಆ ಒಂದು ಅಂಕ ವುರ್ಟ್ಸ್‌ಬುರ್ಗನ್ನು ಮೇಲೇರಿಸಿತು.

ಪ್ಲೇಆಫ್‌ನಲ್ಲಿ ಎದುರಾಳಿ ನ್ಯೂರೆಂಬರ್ಗ್. ಮೊದಲ ಪಂದ್ಯದಲ್ಲಿ ಇಂಗೋಲ್‌ಸ್ಟಾಟ್ 0–2ರಿಂದ ಸೋತಿತು. ಜುಲೈ 11ರಂದು ತವರಿನಲ್ಲಿ, ದ್ವಿತೀಯಾರ್ಧದ ಆರಂಭದಲ್ಲೇ ಕಾಲು ಗಂಟೆಯೊಳಗೆ ಮೂರು ಗೋಲು ಹೊಡೆದು 3–0 ಮಾಡಿತು. ಒಟ್ಟು ಲೆಕ್ಕದಲ್ಲಿ ಮುಂದೆ. 90 ನಿಮಿಷ ಮುಗಿಯಿತು, ಇಂಜುರಿ ಸಮಯವೂ ಮುಗಿಯುತ್ತ ಬಂತು. 96ನೇ ನಿಮಿಷದಲ್ಲಿ ನ್ಯೂರೆಂಬರ್ಗ್‌ನ ಫಾಬಿಯನ್ ಶ್ಲೋಯ್ಸೆನರ್ ಗೋಲು ಹೊಡೆದರು. ಎರಡು ಪಂದ್ಯ ಸೇರಿ 3–3 ಸಮವಾಗಿ, ಪರಸ್ಥಳದ ಗೋಲಿನ ಲೆಕ್ಕದಲ್ಲಿ ನ್ಯೂರೆಂಬರ್ಗ್ ಉಳಿದುಕೊಂಡಿತು. ಎಂಟು ದಿನಗಳ ಅವಧಿಯಲ್ಲಿ, ಎರಡು ಬಾರಿ, ಪಂದ್ಯದ ನಿಗದಿತ ಸಮಯ ಮುಗಿದ ಮೇಲೆ ಇಂಗೋಲ್‌ಸ್ಟಾಟ್‌ನ ಬಡ್ತಿ ಕೈಜಾರಿತು.

ಬಯರ್ನ್‌ನ ಎರಡನೇ ತಂಡ ಮೊದಲ ಸ್ಥಾನದಲ್ಲಿ ಇದ್ದದ್ದರಿಂದಲೇ ನಾಲ್ಕನೆಯವರಿಗೆ ಆ ಅವಕಾಶ ಸಿಕ್ಕಿತೆಂದು ಹೇಳಬಹುದು. ಆದರೆ ಅದೇ ಬಯರ್ನ್ ಎದುರು ಯಾರು ಎಷ್ಟು ಅಂಕ ಕಳೆದುಕೊಂಡರು, ಆ ದಿನ ಮುಖ್ಯ ತಂಡದಿಂದ ಯಾರು ಇಳಿದು ಬಂದಿದ್ದರು ಎಂಬುದೂ ಈ ಅಂಕಪಟ್ಟಿಯೊಳಗೆ ಅಡಗಿದೆ. ಝಿರ್ಕ್‌ಝೀ ಆಡಿದ ದಿನದ ಬಯರ್ನ್ ಬೇರೆ, ಆಡದ ದಿನದ ಬಯರ್ನ್ ಬೇರೆ. ಮೂರು ಅಂಕಗಳೊಳಗೆ ಐದು ತಂಡಗಳಿರುವಾಗ ಇದು ಸಣ್ಣ ಸಂಗತಿಯಲ್ಲ. ಮೀಸಲು ತಂಡಗಳನ್ನು ಸಾಮಾನ್ಯ ಲೀಗ್‌ನಲ್ಲಿ ಇಟ್ಟುಕೊಳ್ಳುವ ಪದ್ಧತಿಗೆ ಇರುವ ಗಂಭೀರ ಆಕ್ಷೇಪ ಇದೇ, ಇದಕ್ಕೆ ಪೂರ್ಣ ಉತ್ತರ ಯಾರೂ ಕೊಟ್ಟಿಲ್ಲ.

ಇನ್ನೊಂದು ಕೊಂಡಿಯೂ ಇದೆ. ಲೀಗ್‌ನ ಮೊದಲ ನಾಲ್ಕು ತಂಡಗಳಿಗೆ ಮುಂದಿನ ವರ್ಷದ ಜರ್ಮನ್ ಕಪ್‌ನಲ್ಲಿ ಸ್ಥಾನ. ಮೀಸಲು ತಂಡಕ್ಕೆ ಅಲ್ಲೂ ಪ್ರವೇಶವಿಲ್ಲದ ಕಾರಣ ಅದು ಐದನೆಯ ಡೂಯಿಸ್‌ಬುರ್ಗ್‌ಗೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಮೊದಲ ಸುತ್ತಿನಲ್ಲೇ ಡಾರ್ಟ್‌ಮುಂಡ್ ಎದುರಾಗಿ 0–5ರಿಂದ ಸೋತಿತು. ಜೂಡ್ ಬೆಲ್ಲಿಂಗ್‌ಹ್ಯಾಮ್ ಡಾರ್ಟ್‌ಮುಂಡ್ ಪರ ಆಡಿದ ಮೊದಲ ಪಂದ್ಯ ಅದು, ಮೊದಲ ಗೋಲು ಹೊಡೆದದ್ದೂ ಅಲ್ಲೇ.

ಕೆಳಗೆ ಚೆಮ್ನಿಟ್ಸ್, ಪ್ರಾಯ್ಸನ್ ಮ್ಯೂನ್ಸ್ಟರ್, ಸೊನ್ನೆನ್‌ಹೋಫ್ ಗ್ರೋಸಾಸ್‌ಪಾಖ್ ಮತ್ತು ಯೆನಾ ನಾಲ್ಕನೇ ದರ್ಜೆಗೆ ಇಳಿದವು.

ನಂತರದ ವರ್ಷಗಳು

ಮುಖ್ಯ ತಂಡ ಅದೇ ಆಗಸ್ಟ್ 23ರಂದು ಲಿಸ್ಬನ್‌ನಲ್ಲಿ ಪ್ಯಾರಿಸ್ ಸೇಂಟ್-ಜರ್ಮೈನ್ ಅನ್ನು 1–0ಯಿಂದ ಮಣಿಸಿ ಚಾಂಪಿಯನ್ಸ್ ಲೀಗ್ ಗೆದ್ದಿತು. ಲೀಗ್ ಮತ್ತು ಕಪ್ ಸೇರಿ ಮೂರು ಪ್ರಶಸ್ತಿ. ಎರಡನೇ ತಂಡದ ಸಾಧನೆ ಆ ಬೆಳಕಿನಲ್ಲಿ ಮಂಕಾಯಿತು.

ಹೋನೆಸ್ ಆ ಬೇಸಿಗೆಯಲ್ಲೇ ಹೋಫೆನ್‌ಹೈಮ್‌ಗೆ ಕೋಚ್ ಆಗಿ ಹೋದರು. 2023ರ ಏಪ್ರಿಲ್‌ನಲ್ಲಿ, ಹಿಂಬಡ್ತಿಯ ಅಂಚಿನಲ್ಲಿದ್ದ ಸ್ಟುಟ್‌ಗಾರ್ಟ್ ಅನ್ನು ಕೈಗೆತ್ತಿಕೊಂಡರು. ಮರುವರ್ಷ ಆ ತಂಡ ಬುಂಡೆಸ್‌ಲೀಗಾದಲ್ಲಿ ಎರಡನೆಯದಾಗಿ ಮುಗಿಸಿತು, ಬಯರ್ನ್‌ಗಿಂತ ಒಂದು ಸ್ಥಾನ ಮೇಲೆ. 2025ರಲ್ಲಿ ಜರ್ಮನ್ ಕಪ್ ಗೆದ್ದಿತು. ಹೋಫೆನ್‌ಹೈಮ್‌ನಲ್ಲೂ ಸ್ಟುಟ್‌ಗಾರ್ಟ್‌ನಲ್ಲೂ ಅವರ ಮಧ್ಯಮೈದಾನದಲ್ಲಿ ಆಡಿದವರು ಆಂಗೆಲೋ ಸ್ಟಿಲ್ಲರ್. ಮುಂದೆ ಅವರು ಜರ್ಮನಿ ತಂಡಕ್ಕೂ ಆಯ್ಕೆಯಾದರು. ಮುಸಿಯಾಲಾ ಬಯರ್ನ್‌ನ ಮತ್ತು ಜರ್ಮನಿಯ ದಾಳಿಯ ಕೇಂದ್ರವಾದರು. ಝಿರ್ಕ್‌ಝೀ ಬೊಲೋನ್ಯಾ ಮೂಲಕ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದರು. ರಿಚರ್ಡ್ಸ್ ಕ್ರಿಸ್ಟಲ್ ಪ್ಯಾಲೆಸ್ ಸೇರಿ 2025ರ ಎಫ್‌ಎ ಕಪ್ ಗೆದ್ದ ತಂಡದಲ್ಲಿದ್ದರು. ವ್ರೀಟ್ ನೆದರ್‌ಲೆಂಡ್ಸ್‌ನ ವಿಲ್ಲೆಮ್ II ಕ್ಲಬ್‌ಗೆ, ಸರ್‌ಪ್ರೀತ್ ಸಿಂಗ್ ಎರವಲಾಗಿ ನ್ಯೂರೆಂಬರ್ಗ್‌ಗೆ ಹೋದರು.

ತಂಡಕ್ಕೆ ಮಾತ್ರ ಮುಂದಿನ ವರ್ಷ ಕೆಟ್ಟದಾಯಿತು. ಗೆದ್ದ ಹುಡುಗರಲ್ಲಿ ಹಲವರು ಚದುರಿದ್ದರು, ಹೊಸಬರು ಆ ದರ್ಜೆಗೆ ಹದವಾಗಿರಲಿಲ್ಲ. ಮತ್ತೆ ಬಂದ ಸೈಟ್ಸ್ ಅವರ ಜಾಗಕ್ಕೆ ಋತುವಿನ ಕೊನೆಯ ವಾರಗಳಲ್ಲಿ ಮಾರ್ಟಿನ್ ಡೆಮಿಚೆಲಿಸ್ ಬಂದರೂ ಇಳಿಜಾರು ನಿಲ್ಲಲಿಲ್ಲ. 2021ರಲ್ಲಿ ಚಾಂಪಿಯನ್ ತಂಡ ನಾಲ್ಕನೇ ದರ್ಜೆಗೆ ಇಳಿಯಿತು. ಅದೇ ವರ್ಷ ವುರ್ಟ್ಸ್‌ಬುರ್ಗ್ ಮತ್ತು ಬ್ರೌನ್‌ಶ್ವೈಗ್ ಎರಡನೇ ಬುಂಡೆಸ್‌ಲೀಗಾದಿಂದ ಹೊರಬಿದ್ದವು. ಇಂಗೋಲ್‌ಸ್ಟಾಟ್ ಮತ್ತೊಮ್ಮೆ ಪ್ಲೇಆಫ್ ಆಡಿ, ಈ ಸಲ ಓಸ್ನಾಬ್ರೂಕ್ ಅನ್ನು ದಾಟಿ, ಒಂದು ವರ್ಷ ತಡವಾಗಿ ಮೇಲೇರಿತು.

ಮೂರನೇ ದರ್ಜೆಯ ತುದಿಯ ಹತ್ತಿರ ಮೀಸಲು ತಂಡವೊಂದು ಮತ್ತೆ ಕಾಣಿಸಿಕೊಂಡದ್ದು 2022–23ರಲ್ಲಿ. ಫ್ರೈಬುರ್ಗ್‌ನ ಎರಡನೇ ತಂಡ ಎಲ್ವರ್ಸ್‌ಬರ್ಗ್‌ನ ಹಿಂದೆ ಎರಡನೆಯದಾಗಿ ಮುಗಿಸಿತು. ಅದರ ಸ್ಥಾನ ಕೆಳಕ್ಕೆ ಸರಿದು, ಮೂರನೆಯ ಓಸ್ನಾಬ್ರೂಕ್ ನೇರ ಬಡ್ತಿ ಪಡೆಯಿತು. ಆ ಮೂರನೇ ಸ್ಥಾನವನ್ನು ಓಸ್ನಾಬ್ರೂಕ್ ಗಳಿಸಿದ್ದು ಕೊನೆಯ ಸುತ್ತಿನಲ್ಲಿ, ಇಂಜುರಿ ಸಮಯದ ಎರಡು ಗೋಲುಗಳಿಂದ, ಡಾರ್ಟ್‌ಮುಂಡ್‌ನ ಎರಡನೇ ತಂಡದ ಎದುರು. ನಾಲ್ಕನೆಯ ವೇಹೆನ್ ವೀಸ್‌ಬಾಡೆನ್ ಪ್ಲೇಆಫ್‌ನಲ್ಲಿ ಬೀಲೆಫೆಲ್ಡ್ ಅನ್ನು ಸೋಲಿಸಿ ತಾನೂ ಮೇಲೇರಿತು. ಫ್ರೈಬುರ್ಗ್‌ನ ಹುಡುಗರು ಅಲ್ಲೇ ಉಳಿದು, ಒಂದು ವರ್ಷದ ನಂತರ ಲೀಗ್‌ನ ಕೊನೆಯ ಸ್ಥಾನದಿಂದ ಕೆಳಗಿಳಿದರು.